ಒಂದಕ್ಕೆ ನಿಲ್ಲು, ಎರಡಕ್ಕೆ ಓಡು

ಕೂತಲ್ಲಿ ಕೂರುವ ಜಾಯಮಾನ ಆ ಮನುಷ್ಯನದಲ್ಲ. ಮೂವತ್ತೆರಡು ವರ್ಷ ಓಡುವ ಬಸ್ಸಿನಲ್ಲಿ ನಿಂತುಕೊಂಡೇ ಟಿಕೆಟ್ ಹರಿದ ಕಂಡಕ್ಟರು. ನಿವೃತ್ತಿಯಾಗಿ ಮಗಳ ಮನೆ ಸೇರಿದ ಮೇಲೆ, ಕಾಲಡಿಯ ನೆಲ ಅಲುಗಾಡುವುದಿಲ್ಲವಲ್ಲ ಎಂಬುದೇ ಅವರಿಗೆ ದೊಡ್ಡ ಕಿರಿಕಿರಿ. ನಡುಮನೆಯಿಂದ ಅಡುಗೆಮನೆ, ಅಲ್ಲಿಂದ ಬಾಲ್ಕನಿ, ಬಾಲ್ಕನಿಯಿಂದ ಮತ್ತೆ ನಡುಮನೆ. "ಅಪ್ಪಾ, ನಿನ್ನ ನೋಡಿ ನೋಡಿ ನನಗೇ ತಲೆ ಸುತ್ತುತ್ತೆ, ಒಂದು ಕಡೆ ಕೂತ್ಕೋ" ಎಂದು ಮಗಳು ದಿನಕ್ಕೆ ಹತ್ತು ಸಲ ಗೊಣಗುತ್ತಿದ್ದಳು.

ಅದೇ ಮನೆಯಲ್ಲಿ ಅದೇ ಹಣೆಬರಹದ ಇನ್ನೊಂದು ಜೀವವಿತ್ತು, ಮಗಳು ಸಾಕಿದ್ದ ಎರಡು ವರ್ಷದ ನಾಯಿ. ತನ್ನ ಬಾಲದ ಹಿಂದೆ ತಾನೇ ಸುತ್ತುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಅದು ಗಿರಗಿಟ್ಲೆ. ಮಗಳು ಆಸ್ಪತ್ರೆಯಲ್ಲಿ ನರ್ಸು, ಹೊರಟರೆ ಹನ್ನೆರಡು ಗಂಟೆ ಡ್ಯೂಟಿ. ಇಡೀ ದಿನ ಮೂರನೇ ಮಹಡಿಯಲ್ಲಿ ಬಿದ್ದಿರುವ ನಾಯಿ ತಾನೇ ಏನು ಮಾಡೀತು ಹೇಳಿ? ಸೋಫಾದ ಹೊಟ್ಟೆ ಬಗೆಯಿತು. ಎರಡು ಜೊತೆ ಚಪ್ಪಲಿ ಮುಗಿಸಿತು. ಬೊಗಳಿ ಬೊಗಳಿ ಕೆಳಗಿನ ಮನೆಯವರ ನಿದ್ದೆ ಕೆಡಿಸಿತು. ಕೊನೆಗೆ ಕಚ್ಚಲು ಏನೂ ಸಿಗದೆ ತನ್ನ ಮುಂಗಾಲನ್ನೇ ಕಚ್ಚಿ ಹುಣ್ಣು ಮಾಡಿಕೊಂಡಿತು.

"ಇದಕ್ಕೆ ಕಾಯಿಲೆ ಏನೂ ಇಲ್ಲ ಕಣ್ರೀ, ಕೆಲಸ ಇಲ್ಲ ಅಷ್ಟೇ," ಎಂದರು ಪ್ರಾಣಿಗಳ ಡಾಕ್ಟರು. "ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ನಾಲಿಗೆ ಹೊರಗೆ ಬರೋ ಹಾಗೆ ಓಡಿಸಿ, ಆಡಿಸಿ. ಮುಲಾಮು ಆಮೇಲೆ."

ಮನೆಗೆ ಬಂದವಳೇ ಮಗಳು ಖಡಾಖಂಡಿತವಾಗಿ ಹೇಳಿಬಿಟ್ಟಳು: "ಒಂದು ತಿಂಗಳು ನೋಡ್ತೀನಪ್ಪಾ. ಸರಿಹೋಗದಿದ್ರೆ ನಮ್ಮ ಹೆಡ್ ನರ್ಸ್ ತೋಟಕ್ಕೆ ಕೊಟ್ಟುಬಿಡ್ತೀನಿ. ಅವರು ಆಗಲೇ ಕೇಳಿದ್ದಾರೆ."

ಕಂಡಕ್ಟರು ನಾಯಿಯ ಕಡೆ ನೋಡಿದರು. ಈ ಮನೆಯಲ್ಲಿ ತಮ್ಮ ಚಡಪಡಿಕೆ ಅರ್ಥವಾಗುವುದು ಆ ನಾಯಿಯೊಂದಕ್ಕೇ. ಅದೂ ಹೋದರೆ ನಾಲ್ಕು ಗೋಡೆಯ ಮಧ್ಯೆ ತಾವೊಬ್ಬರೇ ಸುತ್ತುತ್ತಿರಬೇಕು. ಆಗುವುದಿಲ್ಲ, ಕೊಡಲೇಕೂಡದು ಎಂದುಕೊಂಡರು.

ಮಾರನೆಯ ದಿನದಿಂದಲೇ ಸರ್ವಿಸ್ ಶುರು. ಪೆಟ್ಟಿಗೆಯ ತಳದಿಂದ ಹಳೆಯ ಸೀಟಿ ತೆಗೆದು ಕೊರಳಿಗೆ ಹಾಕಿಕೊಂಡರು. ಮನೆಯಿಂದ ಬಡಾವಣೆಯ ಆಟದ ಬಯಲಿಗೆ ಆರು ಸ್ಟಾಪು: ಹಾಲಿನ ಅಂಗಡಿ, ಕ್ಷೌರದಂಗಡಿ, ಅಂಚೆ ಕಚೇರಿ, ಹೀಗೆ. ಒಂದು ಸೀಟಿಗೆ ನಾಯಿ ನಿಂತು ಕೂರಬೇಕು, ಎರಡು ಸೀಟಿಗೆ ಓಡಬೇಕು. ಬಸ್ಸಿಗೇನು ಕಾನೂನೋ ನಾಯಿಗೂ ಅದೇ. ಬಯಲಿನಲ್ಲಿ ಚೆಂಡು ಎಸೆದರೂ ಸೀಟಿ, ಹಳೇ ಟೈರಿನೊಳಗಿಂದ ಹಾರಿಸಿದರೂ ಸೀಟಿ. ಅಂಚೆ ಕಚೇರಿ ಮುಟ್ಟುವುದು ಎರಡು ನಿಮಿಷ ತಡವಾದರೆ ಕಂಡಕ್ಟರು ತಮ್ಮನ್ನೇ ಬೈದುಕೊಳ್ಳುತ್ತಿದ್ದರು.

"ಏನ್ ಸಾರ್, ಇವತ್ತು ಬಸ್ಸು ಖಾಲಿ ಹೊಡೀತಿದೆ?" ಎಂದು ಕ್ಷೌರದವನು ಕಿಚಾಯಿಸಿದರೆ ಉತ್ತರಿಸಲೂ ಪುರಸೊತ್ತಿಲ್ಲ, ಪೀ ಪೀ ಎಂದು ಊದಿ ಮುಂದೆ.

ಮೂರೇ ವಾರಕ್ಕೆ ಹುಣ್ಣು ಒಣಗಿತು. ನಾಯಿ ಮಧ್ಯಾಹ್ನ ಗೊರಕೆ ಹೊಡೆಯತೊಡಗಿತು. ಆದರೂ ಕಂಡಕ್ಟರಿಗೆ ಸಮಾಧಾನವಿಲ್ಲ, ಮಗಳು ಏನನ್ನುತ್ತಾಳೋ ಎಂದು ದಿನ ಎಣಿಸುತ್ತಲೇ ಇದ್ದರು.

ತಿಂಗಳ ಕೊನೆಯ ದಿನ ಮಗಳು ತಾನೇ ನೋಡಲು ಬಯಲಿಗೆ ಬಂದಳು. ಕಂಡಕ್ಟರು ಹುಮ್ಮಸ್ಸಿನಲ್ಲಿ ಹಗ್ಗ ಬಿಚ್ಚಿದರು. ಗಿರಗಿಟ್ಲೆ ಓಡಿತು, ಟೈರಿನೊಳಗಿಂದ ಹಾರಿತು, ಚೆಂಡಿನ ಹಿಂದೆ ಗೇಟಿನವರೆಗೂ ಹೋಯಿತು. ಇವರು ಒಂದು ಸೀಟಿ ಊದಿದರು. ಕೂತಿತು. "ನೋಡಿದ್ಯಾ?" ಎಂದು ಮಗಳ ಕಡೆ ತಿರುಗಿದರು.

ಅಷ್ಟರಲ್ಲಿ ಗೇಟಿನಾಚೆ ರಸ್ತೆಯಲ್ಲಿ ನಿಂತಿದ್ದ ಬಸ್ಸಿನ ಕಂಡಕ್ಟರಮ್ಮ ಎರಡು ಸೀಟಿ ಊದಿದಳು. ಬಸ್ಸು ಹೊರಟಿತು. ನಾಯಿಯೂ ಹೊರಟಿತು!

ಗಾಬರಿಯಲ್ಲಿ ಇವರು ಪೀ ಪೀ ಪೀ ಪೀ ಎಂದು ಊದಿಯೇ ಊದಿದರು. ಅಲ್ಲಾ ಸ್ವಾಮಿ, ಎರಡಕ್ಕೆ ಓಡು ಎಂದು ಕಲಿತ ನಾಯಿಗೆ ನಾಲ್ಕು ಎಂದರೆ ಇನ್ನೂ ಜೋರಾಗಿ ಓಡು ಎಂದೇ ತಾನೆ? ಅದು ಕಿವಿ ಹಿಂದಕ್ಕೆ ಮಡಿಸಿಕೊಂಡು ಬಸ್ಸಿನ ಬೆನ್ನು ಹತ್ತಿತು. ಬಸ್ಸು ತಪ್ಪಿಸಿಕೊಂಡು ಓಡಿಬರುವವರನ್ನು ಜೀವಮಾನವಿಡೀ ಫುಟ್‌ಬೋರ್ಡಿನ ಮೇಲೆ ನಿಂತು ಗದರಿದ್ದ ಮನುಷ್ಯ ಈಗ ತಾವೇ ನಡುರಸ್ತೆಯಲ್ಲಿ ಓಡಿದರು. ಸ್ಕೂಟರಿನವನೊಬ್ಬ ಕಿರ್ರೆಂದು ಬ್ರೇಕು ಹಾಕಿ ಬಾಯಿಗೆ ಬಂದಂತೆ ಬೈದ.

ಮುಂದಿನ ಸ್ಟಾಪಿನಲ್ಲಿ ಒಂದು ಸೀಟಿ ಕೇಳಿಸಿತು. ನಾಯಿ ಶಿಸ್ತಾಗಿ ಬಸ್ಸಿನ ಹಿಂದೆ ರಸ್ತೆಯಲ್ಲೇ ಕೂತುಬಿಟ್ಟಿತು. ಅದರ ಹಿಂದೆ ಲಾರಿ. ಒಂದು ಮೊಳ ಅಂತರದಲ್ಲಿ ಲಾರಿ ನಿಂತಿತು.

ಕಂಡಕ್ಟರಮ್ಮ ಇಳಿದು ಓಡಿಬಂದು ನಾಯಿಯನ್ನು ಫುಟ್‌ಪಾತಿಗೆ ಎಳೆದಳು. "ಯಾರದ್ರೀ ಈ ನಾಯಿ? ಜೀವ ಬಾಯಿಗೆ ಬಂತು ನಂಗೆ!" ಏದುಸಿರು ಬಿಡುತ್ತಾ ಬಂದು ಮುಟ್ಟಿದ ಇವರು ನನ್ನದು ಎಂದು ಕೈಸನ್ನೆ ಮಾಡಿದರು. ಬಸ್ಸು ಹೊರಡುವವರೆಗೂ ನಾಯಿಯ ಕೊರಳಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಂತರು. ಮುಗಿಯಿತು, ಇನ್ನು ಇದು ತೋಟಕ್ಕೇ ಎಂದುಕೊಂಡರು.

ಮಗಳು ಓಡಿಬಂದಳು. ಮುಖ ಬಿಳಿಚಿತ್ತು. ಬಗ್ಗಿ ನಾಯಿಯ ಕಾಲು, ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದಳು.

"ನಾಯಿ ಇರಲಿ," ಎಂದಳು ಕೊನೆಗೆ. "ಅದರ ಕಾಲು ವಾಸಿಯಾಗಿದ್ದು ನಿನ್ನಿಂದಲೇ. ಆದ್ರೆ ಆ ಸೀಟಿ ಕೊಡು."

"ಸೀಟಿನಾ?"

"ಮತ್ತೆ? ಊರಲ್ಲಿರೋ ಕಂಡಕ್ಟರೆಲ್ಲ ನನ್ನ ನಾಯಿನ ಓಡಿಸ್ಬೇಕಾ? ಕೊಡಪ್ಪಾ."

ಕೊಟ್ಟರು. ನಾಯಿಗೆ ಹಗ್ಗ ಕಟ್ಟಿ "ಬಾ" ಎಂದರು. ಅದು ಅಲುಗಲಿಲ್ಲ. "ನಡಿಯೋ." ಊಹೂಂ. ಅದರ ಕಣ್ಣು ಮಗಳ ಮುಷ್ಟಿಯಲ್ಲಿದ್ದ ಸೀಟಿಯ ಮೇಲೆ. ಆಗ ಹೊಳೆಯಿತು ಅವರಿಗೆ: ಇಡೀ ತಿಂಗಳು ಎರಡು ಹೊತ್ತು ಜೊತೆಗೆ ಓಡಿದ್ದಾರೆ, ಆ ಜೀವಕ್ಕೆ ಬಾಯಿಬಿಟ್ಟು ಒಂದು ಮಾತೂ ಆಡಿಲ್ಲ.

"ಮಾತಾಡ್ಸಪ್ಪಾ ಅದನ್ನ," ಎಂದಳು ಮಗಳು. "ನನ್ನನ್ನೂ ಹೀಗೇ ಬೆಳೆಸ್ದೆ. ಏಳೋಕೆ ಒಂದು ಸೀಟಿ, ಊಟಕ್ಕೆ ಎರಡು. ಕೇಳಿದ್ರೆ, ದಿನವೆಲ್ಲ ಕೂಗಿ ಗಂಟಲು ಬಿದ್ದುಹೋಗಿದೆ ಅಂತಿದ್ದೆ. ನಿನ್ನ ದನಿ ಕೇಳೋಕೆ ನಾನು ನಿನ್ನ ಬಸ್ ಹತ್ತಬೇಕಾಗಿತ್ತು."

ರಜಾ ದಿನಗಳಲ್ಲಿ ಕಿಟಕಿ ಪಕ್ಕ ಕೂತು ಕೊನೆಯ ಸ್ಟಾಪಿನವರೆಗೂ ಬಂದು ಹಾಗೇ ವಾಪಸಾಗುತ್ತಿದ್ದ ಪುಟ್ಟ ಹುಡುಗಿ ಕಂಡಕ್ಟರ ಕಣ್ಣಮುಂದೆ ಬಂದಳು. ಇವಳಿಗೆ ಬಸ್ಸಿನ ಹುಚ್ಚು ಎಂದು ಡ್ರೈವರಿಗೆ ಹೇಳಿ ನಕ್ಕಿದ್ದರು.

"ತಪ್ಪಾಯ್ತು ಮಗಳೇ," ಎಂದರು. ಆ ದನಿ ಕೇಳಿ ಗಿರಗಿಟ್ಲೆ ಕಿವಿ ನಿಮಿರಿಸಿ ಅವರ ಮುಖವನ್ನೇ ನೋಡಿತು.