ಅವಳ ಹಾಡಿಗೆ ನನ್ನ ಉಸಿರು

ಹಾಡುವುದನ್ನು ಬಿಟ್ಟು ಆಪೆರಾ ಕಂಡಕ್ಟ್ ಮಾಡಲು ಹೋದದ್ದೇಕೆ ಎಂದು ಯಾರಾದರೂ ಕೇಳಿದರೆ, ಇಡೀ ಸಂಗೀತವನ್ನು ಒಟ್ಟಾಗಿ ನೋಡುವ ಆಸೆ ಎನ್ನುತ್ತಿದ್ದೆ. ಹೇಳುವಾಗ ಮುಖದಲ್ಲಿ ಗಾಂಭೀರ್ಯ ಬೇರೆ. ನಿಜ ಏನೆಂದರೆ, ಐವತ್ತು ದಾಟಿದ ಮೇಲೆ ನನ್ನ ದಮ್ಮು ಕಡಿಮೆಯಾಗಿತ್ತು. ಉದ್ದದ ಸಾಲುಗಳ ಕೊನೆಯಲ್ಲಿ ದನಿ ನಡುಗುತ್ತಿತ್ತು. ಯಾರಾದರೂ ಗಮನಿಸುವ ಮೊದಲೇ ವಾದ್ಯದವರ ಮುಂದೆ ನಿಂತು ಕೈ ಆಡಿಸುವ ಕೆಲಸ ಹಿಡಿದೆ. ಸಭೆಗೆ ಬೆನ್ನು ಹಾಕಿ ನಿಲ್ಲುವುದು ನಾನು ಬೆಂಗಳೂರಿನಲ್ಲಿ ಕಲಿತ ಸಂಗೀತದಲ್ಲಿ ಮಹಾಪರಾಧ. ಇಲ್ಲಿ ನನಗೆ ಅದೇ ಅನುಕೂಲವಾಯಿತು.

ನಮ್ಮದು ಚಿಕ್ಕ ತಂಡ. ಮೆನ್ಲೋ ಪಾರ್ಕಿನಲ್ಲಿ ಚರ್ಚೊಂದರ ಹಿಂದಿನ ಹಾಲಿನಲ್ಲಿ ಅಭ್ಯಾಸ. ಎತ್ತಿಕೊಂಡಿದ್ದು ಮುನ್ನೂರು ವರ್ಷದಷ್ಟು ಹಳೆಯ ಇಟಾಲಿಯನ್ ಆಪೆರಾ, ಇಡೀ ಕಥೆ ಹಾಡಿನಲ್ಲೇ ನಡೆಯುವ ನಾಟಕ. ಗಂಡನನ್ನು ಕಳೆದುಕೊಂಡ ರಾಣಿ ಹಾಡುವ ನಿಧಾನದ ಹಾಡೊಂದು ಅದರಲ್ಲಿದೆ. ಈ ದೇಶಕ್ಕೆ ಬಂದು ಆಪೆರಾ ಕಲಿತ ಮೇಲೆ ಒಂದು ಕಾಲಕ್ಕೆ ಅದು ನನ್ನ ಹಾಡು. ಈಗ ಹಾಡಬೇಕಿದ್ದವಳು ಮಂಡ್ಯ ಕಡೆಯವರ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಹಗಲು ರೆಡ್‌ವುಡ್ ಸಿಟಿಯಲ್ಲಿ ಸಾಫ್ಟ್‌ವೇರ್ ಕೆಲಸ, ಸಂಜೆ ರಾಣಿ.

ಆ ಹಾಡಿನ ನಡುವೆ ತೀರಾ ಉದ್ದದ ಸಾಲೊಂದು ಬರುತ್ತದೆ. ಮೊದಲ ದಿನವೇ ಅರ್ಧದಲ್ಲಿ ನಿಲ್ಲಿಸಿ, "ನಿಂಗೆ ಉಸಿರು ಸಾಲಲ್ಲ ಕಣಮ್ಮ. ಇಲ್ಲೊಂದು ಬ್ರೆತ್ ತಗೋ," ಎಂದೆ. ಭುಜ ಎತ್ತಿ ನಾನೇ ಉಸಿರೆಳೆದು ತೋರಿಸಿದೆ. ಹಾಡಿ ಬಂದವಳಿಗಷ್ಟೇ ಹಾಡುವವರ ಕಷ್ಟ ಗೊತ್ತಾಗುವುದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅವಳು ಅದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡಳೆಂದರೆ, ಪ್ರಾಣಾಯಾಮದ ಕ್ಲಾಸಿಗೆ ಸೇರಿದಳು. "ಆಂಟಿ, ಐ ಥಿಂಕ್ ನನ್ನ ಲಂಗ್ಸೇ ಚಿಕ್ಕದು. ಇನ್ಮೇಲೆ ದೊಡ್ಡ ರೋಲಿಗೆ ಆಡಿಷನ್ ಕೊಡಲ್ಲ," ಎಂದಳು ಒಂದು ದಿನ. ಎಲ್ಲರಿಗೂ ಎಲ್ಲ ರೋಲೂ ಹೊಂದುವುದಿಲ್ಲ ಎಂದು ಸಮಾಧಾನ ಹೇಳಿದೆ.

ಒಂದು ಸಂಜೆ ಮಾರ್ಗನ್ ಹಿಲ್‌ನಿಂದ ಬರುವಾಗ ಫ್ರೀವೇಯಲ್ಲಿ ಆಕ್ಸಿಡೆಂಟಾಗಿ ಟ್ರಾಫಿಕ್ಕು ನಿಂತೇಹೋಗಿತ್ತು. ನೀವು ಶುರು ಮಾಡಿ ಎಂದು ಫೋನು ಮಾಡಿದೆ. ಹಾಲಿನ ಬಾಗಿಲಿಗೆ ಬಂದಾಗ ಒಳಗೆ ಅದೇ ಹಾಡು. ಅಭ್ಯಾಸಬಲದಿಂದ ಹೊರಗೇ ನಿಂತು ದನಿಯಿಲ್ಲದೆ ಜೊತೆಗೆ ಹಾಡತೊಡಗಿದೆ. ಉದ್ದದ ಸಾಲು ಬಂತು. ನಾನು ತೋರಿಸಿದ್ದ ಜಾಗದಲ್ಲೇ ನನಗೆ ದಮ್ಮು ಕಟ್ಟಿತು. ಅವಳು ಆ ಜಾಗವನ್ನು ದಾಟಿ, ಎಲ್ಲೂ ತುಂಡಾಗದೆ, ಕೊನೆಯ ಸ್ವರದವರೆಗೆ ಆರಾಮವಾಗಿ ಹೋದಳು. ನಾನು ಬಾಗಿಲ ಹಿಡಿ ಹಿಡಿದು ಏದುಸಿರು ಬಿಡುತ್ತಿದ್ದೆ.

ಒಳಗೆ ಹೋಗಿ ಮತ್ತೊಮ್ಮೆ ಹಾಡಿಸಿದೆ. ಅವಳ ಕಣ್ಣು ನನ್ನ ಭುಜದ ಮೇಲಿತ್ತು. ಭುಜ ತಾನಾಗಿಯೇ ಎದ್ದಿತು, ಅವಳು ಉಸಿರು ತೆಗೆದುಕೊಂಡಳು, ಸಾಲು ಎರಡು ತುಂಡಾಯಿತು. ನನಗೆ ನಾಚಿಕೆಯಾಯಿತು. ಇಷ್ಟು ವಾರ ನನ್ನ ಸೋತ ಎದೆಯನ್ನು ಈ ಹುಡುಗಿಯ ಮೇಲೆ ಹೇರಿದ್ದೆನಲ್ಲ. ಆಗಲೇ ಹೇಳಿಬಿಡಬೇಕಿತ್ತು. ಹೇಳಿದರೆ ನಾನು ಹಾಡು ಬಿಟ್ಟದ್ದೇಕೆಂಬುದೂ ಹೊರಬೀಳುತ್ತಿತ್ತು. ಅದರ ಬದಲು ಪಿಟೀಲಿನವರು ತಾಳದಲ್ಲಿ ಹಿಂದೆ ಬಿದ್ದರೆಂದು ಅವರ ಮೇಲೆ ರೇಗಿದೆ.

ಪ್ರದರ್ಶನದ ದಿನ ಆ ಸಾಲು ಬರುತ್ತಿದ್ದಂತೆ ಎರಡೂ ಕೈ ಇಳಿಸಿ ತಲೆ ತಗ್ಗಿಸಿದೆ. ನನ್ನ ಭುಜವನ್ನು ನಂಬುವಂತಿರಲಿಲ್ಲ. ವಾದ್ಯದವರು ಒಂದು ಕ್ಷಣ ನನ್ನನ್ನು ನೋಡಿ, ಆಮೇಲೆ ಅವಳ ಹಾಡಿನ ಹಿಂದೆ ನಡೆದರು. ಒಂದೇ ಉಸಿರಿನಲ್ಲಿ ಅವಳು ಹಾಡಿ ಮುಗಿಸಿದಳು. ಬೆನ್ನ ಹಿಂದೆ ಸಭೆ ಮಿಸುಕಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ರಾಣಿಯ ಉಡುಪಿನಲ್ಲೇ ನನ್ನ ಹತ್ತಿರ ಓಡಿ ಬಂದಳು. ಹೆದರಿದ್ದಳು.

"ಸಾರಿ ಆಂಟಿ, ನೀವು ಹೇಳ್ಕೊಟ್ಟ ಬ್ರೆತ್ ತಗೊಳ್ಳೋದು ಮರ್ತೇಹೋಯ್ತು. ನೀವು ಕೈ ಕೆಳಗೆ ಹಾಕಿದ್ರಿ. ಕೋಪ ಬಂತಾ?"

"ಆ ಬ್ರೆತ್ ಬೇಕಾಗಿದ್ದಿದ್ದು ನಂಗೆ, ನಿಂಗಲ್ಲ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ವಾದ್ಯದವರು ಪೆಟ್ಟಿಗೆ ಮುಚ್ಚುತ್ತ ಸುತ್ತಲೇ ಇದ್ದರು. ಅವರಿಗೂ ಕೇಳಿಸಲಿ ಎಂದು, ನನ್ನ ದಮ್ಮು ಹೋಗಿದೆ, ಅದಕ್ಕೇ ಹಾಡು ಬಿಟ್ಟೆ, ಇವಳ ಉಸಿರಿಗೆ ಯಾವ ಕೊರತೆಯೂ ಇಲ್ಲ ಎಂದು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳಿದೆ.

ಹುಡುಗಿ ನನ್ನನ್ನೇ ನೋಡುತ್ತ ನಿಂತಳು. ಪಿಟೀಲಿನವರು ಕಮಾನನ್ನು ಒರೆಸುತ್ತಲೇ ಇದ್ದರು. ಅವಳನ್ನು ಬಿಟ್ಟರೆ ಅಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ.