ಅವ್ವನ ಪಾಲಿನ ರೋಜಾ

ಸಬರ್, ತಾಳ್ಮೆ ಎಂಬ ಮಾತು ಕೇಳಿದರೆ ಈಗೀಗ ನನಗೆ ಮೈ ಉರಿಯುತ್ತದೆ. ಹೀಗೆನ್ನುವುದು ಪಾಪವೋ ಏನೋ. ಅವ್ವನ ಎರಡೂ ಕಿಡ್ನಿ ಕೈಕೊಟ್ಟ ಮೇಲೆ ನೋಡಲು ಬಂದವರೆಲ್ಲ ಚಹಾ ಕುಡಿದು, ಚಪ್ಪಲಿ ಮೆಟ್ಟುತ್ತ ಇದೊಂದು ಮಾತು ಹೇಳಿ ಹೋಗುತ್ತಾರೆ. ತಮ್ಮನಂತೂ ಸಾಂಗ್ಲಿಯಲ್ಲಿ ಕುಳಿತು ಫೋನಿನಲ್ಲೇ ಮುಗಿಸುತ್ತಾನೆ.

"ಅಕ್ಕಾ, ಸಬರ್ ಮಾಡ. ಸಬರ್ ಮಾಡಿದವರ ಜೋಡಿ ಅಲ್ಲಾ ಇರ್ತಾನ."

"ಇರ್ತಾನಪಾ, ಖರೇನ. ಆದ್ರ ರಿಕ್ಷಾ ತರಾಕ ನಾನ ಹೋಗಬೇಕಲ್ಲ," ಎಂದರೆ ಆ ಕಡೆ ರೇಂಜ್ ಹೋಗಿರುತ್ತದೆ.

ನಾವು ಅಥಣಿ ಕಡೆಯಿಂದ ಮಿರಜಕ್ಕೆ ಬಂದು ಗಾದಿ ಮಾಡಿ ಬದುಕಿದವರು. ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ, ನಮಾಜಿಗೆ ಅರಬ್ಬಿ. ಅಪ್ಪ ಹತ್ತಿ ಹಿಂಜಿದರೆ ಅವ್ವ ಗಾದಿ ಹೊಲಿಯುತ್ತಿದ್ದಳು. ರಂಜಾನಿನ ಬಿಸಿಲಲ್ಲಿ ಹತ್ತಿಯ ಧೂಳು ಗಂಟಲಿಗೆ ಮೆತ್ತಿಕೊಂಡರೂ ಅವಳು ಒಂದು ದಿನದ ಉಪವಾಸ, ರೋಜಾ, ಬಿಟ್ಟದ್ದನ್ನು ನಾನು ನೋಡಿಲ್ಲ. ಈಗ ಅಪ್ಪನಿಲ್ಲ. ನಾನು ವಿಶ್ರಾಮಬಾಗದ ಸೀರೆ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ದಿನವಿಡೀ ಸೀರೆ ಬಿಚ್ಚಿ ತೋರಿಸುವುದು, ಮತ್ತೆ ಮಡಿಸುವುದು. ಡಯಾಲಿಸಿಸ್ ಇರುವ ದಿನ ಮಾತ್ರ ರಜೆ ಬೇಡಿಕೊಂಡು ಅವ್ವನ ಜೊತೆ ದವಾಖಾನೆಯಲ್ಲಿ ಕೂರುತ್ತೇನೆ.

ಇದು ಜೀವ ಇರುವ ತನಕ ಎಂದು ಡಾಕ್ಟರು ನನ್ನನ್ನೂ ತಮ್ಮನನ್ನೂ ಹೊರಗೆ ಕರೆದು ಹೇಳಿದ್ದರು. ಅವ್ವನಿಗೆ ನಾವು ಹೇಳಿದ್ದೇ ಬೇರೆ: ಸ್ವಲ್ಪ ದಿನ ರಕ್ತ ತೊಳೆಯುತ್ತಾರೆ, ಶುದ್ಧವಾದ ಮೇಲೆ ನಿಲ್ಲಿಸುತ್ತಾರೆ. ಅವಳು ನಂಬಿದಳು. ಗಾದಿ ಹೊಲಿಯುವ ದಬ್ಬಣಕ್ಕೆ ತುಕ್ಕು ಹಿಡಿಯಬಾರದೆಂದು ಎಣ್ಣೆ ಸವರಿಸಿಟ್ಟಳು. ಅದನ್ನು ಕಂಡೂ ನಾನು ನಿಜ ಹೇಳಲಿಲ್ಲ.

ಈ ಸಲದ ರಂಜಾನಿಗೆ ಮುಂಚೆ ಡಾಕ್ಟರು ಉಪವಾಸ ಸಾಧ್ಯವೇ ಇಲ್ಲ ಎಂದರು. ಗುಳಿಗೆ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹೋಗಬೇಕು. ನೀರು ಅಳೆದಷ್ಟೇ, ಅದೂ ದಿನವಿಡೀ ಗುಟುಕು ಗುಟುಕಾಗಿ. ನಮ್ಮ ಮಸೀದಿಯ ಮೌಲಾನಾರನ್ನು ಕೇಳಿದೆ. ಅವರು ಅವ್ವನ ಕಾಯಿಲೆಯನ್ನೆಲ್ಲ ಸಮಾಧಾನದಿಂದ ಕೇಳಿಕೊಂಡು, ಇಂಥವರಿಗೆ ಮಾಫಿ ಇದೆ, ಬಿಟ್ಟ ಒಂದೊಂದು ರೋಜಾಕ್ಕೂ ಒಬ್ಬ ಬಡವರಿಗೆ ಊಟ ಹಾಕಿ, ಅದೇ ಫಿದ್ಯಾ ಎಂದರು. ನನಗೆ ಎದೆಯ ಭಾರ ಇಳಿದಂತಾಯಿತು. ದರ್ಗಾದ ಕಡೆ ಕೂರುವ ತಾನೂ ರೋಜಾ ಹಿಡಿಯಲಾರದ ಒಬ್ಬ ಕಾಯಿಲೆಯ ಮುದುಕಿಯನ್ನು ಗೊತ್ತು ಮಾಡಿದೆ. ಬೆಳಿಗ್ಗೆಯೇ ಅಡುಗೆ ಮಾಡಿಟ್ಟು ನಾನು ಕೆಲಸಕ್ಕೆ ಹೋಗುವುದು, ಮಧ್ಯಾಹ್ನ ಆಕೆ ಬಂದು ಹೊಸ್ತಿಲಲ್ಲಿ ಕೂತು ಉಂಡು ಹೋಗುವುದು. ಅವ್ವ ಮಂಚದ ಮೇಲಿಂದ ನೋಡುತ್ತಿದ್ದಳು.

"ನನ್ನ ರೋಜಾ ಆಕಿ ಹ್ಯಾಂಗ ಉಣ್ತಾಳ?" ಎಂದು ಒಂದು ದಿನ ಕೇಳಿದಳು. ನಾನು ನಕ್ಕೆ. ಅವಳು ನಗಲಿಲ್ಲ.

ಆಮೇಲೊಂದು ದಿನ ಅವಳು ಕದ್ದು ರೋಜಾ ಹಿಡಿದಳು. ನಾನು ಹೊರಡುವಾಗ ಕೈಗಿಟ್ಟ ಗುಳಿಗೆ ತಲೆದಿಂಬಿನ ಕೆಳಗೆ ಹೋಯಿತು, ಊಟ ಮುದುಕಿಯ ತಟ್ಟೆಗೆ ಹೋಯಿತು. ಸಂಜೆ ಮಸೀದಿಯಲ್ಲಿ ಬಾಂಗ್ ಆದಾಗ ನನಗಿಂತ ಮೊದಲು ಅವಳ ಕೈ ಖಜೂರಕ್ಕೆ ಹೋಯಿತು. ಈ ಕಾಯಿಲೆಗೆ ಖಜೂರ ವಿಷ. ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಶರಬತ್ತು ಕುಡಿದು, ಅದರ ಮೇಲೆ ದಿನವಿಡೀ ಉಳಿಸಿಟ್ಟ ನೀರನ್ನೂ ಗಟಗಟ ಇಳಿಸಿದಳು.

"ನನ್ನ ಪಾಲಿನ ನೀರ ಐತಿ. ಹಗಲಿ ಕುಡದಿಲ್ಲ, ಈಗ ಕುಡದೇನಿ."

ಅವಳ ಲೆಕ್ಕ ನೇರವಾಗಿತ್ತು. ದೇಹ ಅದನ್ನು ಒಪ್ಪಲಿಲ್ಲ. ಸ್ವಲ್ಪ ಹೊತ್ತಿಗೇ ಮಲಗಲಾಗದೆ, ಕೂರಲಾಗದೆ, ಬಾಯಿ ತೆರೆದು ಗಾಳಿಗೆ ಒದ್ದಾಡತೊಡಗಿದಳು. ರಿಕ್ಷಾದಲ್ಲಿ ಅವಳನ್ನು ಎದೆಗೆ ಒರಗಿಸಿಕೊಂಡು ಹೋಗುವಾಗ ನನಗೆ ದುಃಖಕ್ಕಿಂತ ಸಿಟ್ಟೇ ಹೆಚ್ಚಿತ್ತು. ದವಾಖಾನೆಯಲ್ಲಿ ನರ್ಸ್ ಸೂಜಿ ಚುಚ್ಚುತ್ತ, "ಆಯಿ, ದೇವ್ರು ಹಿಂಗ ಮಾಡ ಅಂದಾನೇನ್ರಿ?" ಎಂದು ಗದರಿದರು. ಅವ್ವ ಕಣ್ಣು ಮುಚ್ಚಿಕೊಂಡಳು. ಮಷೀನು ತಿರುಗುತ್ತಲೇ ಇತ್ತು. ನಾನು ಗೋಡೆಗೆ ಒರಗಿ ನಿಂತೆ. ಅಳುವುದಕ್ಕೂ ನನ್ನಲ್ಲಿ ತ್ರಾಣವಿರಲಿಲ್ಲ.

ಮರುದಿನ ಮನೆಗೆ ಕರೆತಂದೆ. ಮಧ್ಯಾಹ್ನ ಮುದುಕಿ ಎಂದಿನಂತೆ ಉಂಡು ಹೋದಳು. ನಾನು ರೋಜಾದಲ್ಲೇ ಅವ್ವನಿಗೆ ಗಂಜಿ ಕುಡಿಸಲು ಕೂತೆ. ಚಮಚ ಬಾಯಿಗೆ ಹಿಡಿದು, ಸಿಟ್ಟು ತಡೆಯಲಾಗದೆ ಕೇಳಿದೆ: "ಮಾಫಿ ಐತಿ ಅಂತ ಮೌಲಾನಾನ ಹೇಳ್ಯಾರ. ಫಿದ್ಯಾನೂ ಕೊಡಾಕತ್ತೇನಿ. ಮತ್ಯಾಕ ಹಿಂಗ ಮಾಡ್ದಿ?"

ಅವಳು ಚಮಚ ಸರಿಸಿದಳು.

"ಜ್ವರಾ ಬಂದವ್ರು, ಬಾಣಂತ್ಯಾರು ಬಿಟ್ಟ ರೋಜಾ ಆಮ್ಯಾಲ ಹಿಡದ ತೀರಸ್ತಾರ. ಫಿದ್ಯಾ ಕೊಡೂದು ಇನ್ನ ಆರಾಮ ಆಗೂದಿಲ್ಲ ಅನ್ನೋರ ಹೆಸರಲೆ. ಮೊದಲನೇ ದಿನಾ ಆ ಮುದುಕಿ ಬಂದ ಕುಂತಾಗ ನನಗ ತಿಳೀತ."

ಬಾಯಿಗೆ ಬೀಗ ಹಾಕಿಕೊಂಡು ನಾವು ಮುಚ್ಚಿಟ್ಟದ್ದನ್ನು, ನಾನು ಹಾಕಿಸಿದ ಊಟವೇ ಅವಳ ಮುಂದೆ ಬಿಚ್ಚಿಟ್ಟಿತ್ತು.

"ಒಂದ ರೋಜಾ ಪೂರಾ ಮಾಡಿದ್ರ ಆರಾಮ ಆಗೂದಿಲ್ಲ ಅನ್ನೂದು ಸುಳ್ಳ ಆಗ್ತೈತಿ ಅನ್ಕೊಂಡಿದ್ನಿ," ಎಂದಳು.

ಎಲ್ಲರೂ ಸಬರ್ ಹೇಳಿದ್ದು ನನಗೆ. ಅವಳಿಗೆ ಯಾರೂ ಹೇಳಿರಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ ಎಂದುಕೊಂಡಿದ್ದೆವು. ತಾಳಿಕೊಂಡು ತಾಳಿಕೊಂಡು ಸಾಕಾದವಳು ಈ ಮನೆಯಲ್ಲಿ ನಾನೊಬ್ಬಳೇ ಎಂದು ನಾನೂ ನಂಬಿದ್ದೆ. ಗಂಜಿಯನ್ನು ಕಲಕುತ್ತ ಕೂತೆ.

ಅವ್ವ ತಾನಾಗಿಯೇ ಬಿಸ್ಮಿಲ್ಲಾ ಎಂದು ಬಾಯಿ ತೆರೆದಳು. ಓಣಿಯಲ್ಲಿ ಎಲ್ಲರೂ ಉಪವಾಸವಿದ್ದ ಆ ಹೊತ್ತಿನಲ್ಲಿ ಗಂಜಿಯನ್ನು ಪೂರ್ತಿ ಉಂಡಳು. ಬಾಯಿ ಒರೆಸಿದಾಗ ಕೇಳಿದಳು:

"ಆಕಿಗೆ ಇವತ್ತ ಏನ ಹಾಕಿದಿ?"

"ಅನ್ನಾ, ಬ್ಯಾಳಿ."

"ಬರೇ ಬ್ಯಾಳಿ ಹಾಕಬ್ಯಾಡ. ಚಲೋ ಉಣ್ಣಲಿ," ಎಂದು ಗೋಡೆಯ ಕಡೆ ಹೊರಳಿದಳು. "ಬರೋ ವರ್ಷಾನೂ ಬಾ ಅಂತ ಹೇಳಿ ಇಡ."