ಮೊಳೆ ಹೊಡೆಯದ ಮನೆ

ಕಾವ್ಯಳ ಮದುವೆಗೆ ಬಂದ ಉಡುಗೊರೆಗಳಲ್ಲಿ ಒಂದು ಗೋಡೆ ಗಡಿಯಾರವಿತ್ತು. ಮಗಳು ಹೈಸ್ಕೂಲು ಮೆಟ್ಟಿಲು ಹತ್ತಿದರೂ ಅದು ಡಬ್ಬಿಯಿಂದ ಹೊರಗೆ ಬಂದಿರಲಿಲ್ಲ. ಬಾಡಿಗೆ ಮನೆಗಳ ಮಾಲೀಕರೆಲ್ಲ ಒಂದೇ ಮೇಷ್ಟ್ರ ಕೈಯಲ್ಲಿ ಪಾಠ ಕಲಿತವರಂತೆ ಹೇಳುತ್ತಿದ್ದುದು ಒಂದೇ ಮಾತು: ಗೋಡೆಗೆ ಮೊಳೆ ಹೊಡೆಯಬಾರದು. ಉಳಿದ ಸಾಮಾನನ್ನು ಗೋಡೆಗೆ ಒರಗಿಸಿಡಬಹುದು. ದುಂಡನೆಯ ಗಡಿಯಾರವನ್ನು ಒರಗಿಸಿದರೆ ಉರುಳಿಕೊಂಡು ಹೋಗುತ್ತದೆ.

ಕೊಪ್ಪದ ಮನೆಗೆ ಬಂದ ದಿನವೂ ಅದೇ ಆಯಿತು. ಮಾಲೀಕ ತಿಮ್ಮಣ್ಣ ಹಿರೇಕೊಡಿಗೆಯವನು. ಬೀಗದ ಕೈಯನ್ನು ಕೊಡಲೋ ಬೇಡವೋ ಎಂಬಂತೆ ಹಿಡಿದುಕೊಂಡು, "ನೋಡಿ, ಗ್ವಾಡೆಗೆ ಒಂದು ಮೊಳೆ ಹೊಡಿಯಂಗಿಲ್ಲ. ಹಿತ್ಲಲ್ಲಿ ಒಂದು ಗುಂಡಿ ತೋಡಂಗಿಲ್ಲ. ಹೆಂಗೆ ಕೊಟ್ಟಿದೀನೋ ಹಂಗೇ ವಾಪಸ್ ಕೊಡ್ಬೇಕು" ಎಂದ.

"ಹಂಗೇ ಕೊಡ್ತೀನಿ ಬಿಡಿ ತಿಮ್ಮಣ್ಣ" ಎಂದಳು ಕಾವ್ಯ. ಅವಳು ಕೊಟ್ಟ ಮಾತಿಗೆ ತಪ್ಪುವ ಹೆಂಗಸಲ್ಲ. ಅದು ತಿಮ್ಮಣ್ಣನಿಗೆ ಆಗ ಗೊತ್ತಿರಲಿಲ್ಲ.

ಅವಳ ಗಂಡ ಗುರುವ ನರಸಿಂಹರಾಜಪುರದಿಂದ ಶೃಂಗೇರಿಗೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರ್. ಊರಿನವರು ಬೇಡವೆಂದು ಎಸೆದದ್ದೆಲ್ಲ ಆ ಬಸ್ಸಿನ ಟಾಪ್ ಹತ್ತಿ ಕೊಪ್ಪದಲ್ಲಿ ಇಳಿಯುತ್ತಿತ್ತು. ಶೆಟ್ಟಿಕೊಪ್ಪದಲ್ಲಿ ಯಾರೋ ಸೀಳಿ ಹಾಕಿದ ಅಡಿಕೆ ಮರದ ದಬ್ಬೆ, ಶೃಂಗೇರಿಯ ಲಾಡ್ಜಿನವರು ಬಿಸಾಡಿದ ಬಣ್ಣದ ಡಬ್ಬಗಳು, ಬಸ್ಸಿನದೇ ಸವೆದ ಟಯರು. "ಇದೆಂತದು ಮಾರಾಯ, ಬಸ್ಸೋ ಗುಜರಿ ಗಾಡಿಯೋ?" ಎಂದು ಡ್ರೈವರ್ ಗೊಣಗಿದರೆ ಗುರುವ ವಿಸಿಲ್ ಊದಿ ರೈಟ್ ಹೇಳಿಬಿಡುತ್ತಿದ್ದ.

ಪೇಟೆಯಲ್ಲಿ ಹಣ್ಣಿನಂಗಡಿ ಇಟ್ಟಿದ್ದ ಹಬೀಬಾ ಸೇಬಿನ ಮರದ ಪೆಟ್ಟಿಗೆಗಳನ್ನು ಎತ್ತಿಡುತ್ತಿದ್ದಳು. ಕಾವ್ಯ ಅವನ್ನು ಉಜ್ಜಿ ನುಣುಪು ಮಾಡಿ, ಕೆಮ್ಮಣ್ಣು ಬಳಿದು, ಒಂದರ ಮೇಲೊಂದು ಏರಿಸಿ ಹಗ್ಗದಲ್ಲಿ ಬಿಗಿದರೆ ಕಪಾಟಾಯಿತು. ದಬ್ಬೆ ಹೆಣೆದು ಗೋಡೆಗೆ ಒರಗಿಸಿದರೆ ಚೀಲ, ಕೊಡೆ ಎಲ್ಲ ತೂಗುಹಾಕಲು ಜಾಗವಾಯಿತು; ಗಡಿಯಾರದ ಭಾರಕ್ಕೆ ಮಾತ್ರ ಅದು ವಾಲಿಬಿಡುತ್ತಿತ್ತು. ಹಳೆಯ ಸೀರೆಗಳನ್ನು ಜಡೆ ಹೆಣೆದಂತೆ ಹೆಣೆದು ಚಾಪೆ ಮಾಡಿದಳು. ಟಯರಿಗೆ ಪ್ಲಾಸ್ಟಿಕ್ ಹಗ್ಗ ಸುತ್ತಿ ಕೂರುವ ಪೀಠ. ಹಿತ್ತಲಲ್ಲಿ ಗುಂಡಿ ತೋಡುವ ಹಾಗಿಲ್ಲವಲ್ಲ, ಡೇರೆ ಹೂವಿನ ಗಿಡಗಳೆಲ್ಲ ಬಣ್ಣದ ಡಬ್ಬಗಳಲ್ಲೇ ಅರಳಿದವು. ಬಸಳೆ ಚಪ್ಪರದ ಕಾಲುಗಳೂ ಜಲ್ಲಿ ತುಂಬಿದ ಡಬ್ಬಗಳಲ್ಲೇ ನಿಂತವು. ಒಡೆದ ಹೆಂಚಿನ ಚೂರುಗಳನ್ನು ನೆಲದ ಮೇಲೆ ಜೋಡಿಸಿ ಬಾವಿಕಟ್ಟೆಯವರೆಗೆ ದಾರಿ ಮಾಡಿದಳು.

ಅವಳು ಹಲವು ಮನೆ ಬದಲಿಸಿದ್ದಳು. ಇದೊಂದನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಂಡಳು. ಮಗಳ ಓದು ಮುಗಿಯುವವರೆಗಾದರೂ ಇಲ್ಲೇ ಇರಬೇಕು ಎಂದು ಆಸೆಪಟ್ಟಳು.

ಡೇರೆ ತುಂಬ ಅರಳಿದ್ದ ಒಂದು ದಿನ ತಿಮ್ಮಣ್ಣ ಹೊಸ ಸೊಸೆ ಗಾನವಿಯನ್ನು ಕರೆದುಕೊಂಡು ಬಂದ. ಹುಡುಗಿ ಒಳಗೂ ಹಿತ್ತಲಿಗೂ ಓಡಾಡಿ ಟಯರಿನ ಪೀಠದ ಮೇಲೆ ಕೂತೇಬಿಟ್ಟಳು. "ಮಾವ, ನಮ್ಗೆ ಈ ಮನೇನೇ ಸಾಕು!" ತಿಮ್ಮಣ್ಣನ ಮಗ ಕೊಪ್ಪದಲ್ಲೇ ಮೊಬೈಲ್ ಅಂಗಡಿ ತೆರೆದಿದ್ದ. ಆ ವಾರವೇ ತಿಮ್ಮಣ್ಣನ ಫೋನು ಬಂತು: ಮನೆ ಖಾಲಿ ಮಾಡಬೇಕು.

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದ ಕಥೆ ಇದು. ಕಾವ್ಯಳಿಗೆ ಸಿಟ್ಟು ಬಂತು, ಸಿಟ್ಟಿನ ಹಿಂದೆಯೇ ಅಳು ಬಂತು. ಬಾವಿಕಟ್ಟೆಯ ಮೇಲೆ ಕೂತು ಅತ್ತು, ಮುಖ ತೊಳೆದುಕೊಂಡು ಎದ್ದಳು.

"ಇಷ್ಟೆಲ್ಲ ಎಲ್ಲಿಗೆ ಹೊರದು? ಬಿಟ್ಟು ಹೋಗಣ, ಮತ್ತೆ ಮಾಡ್ಕಂಡ್ರಾತು" ಎಂದ ಗುರುವ.

"ಬಿಡದಾ? ಒಂದು ಹಗ್ಗದ ತುಂಡೂ ಬಿಡದಿಲ್ಲ. ಹೆಂಗೆ ಕೊಟ್ಟಿದ್ರೋ ಹಂಗೇ ಕೊಡ್ತೀನಿ ಅಂದಿದೀನಲ್ಲ!"

ಖಾಲಿ ಮಾಡುವ ದಿನ ತಿಮ್ಮಣ್ಣ ಸೊಸೆಯ ಜೊತೆ ಬಂದಾಗ ಟೆಂಪೋ ತುಂಬಿತ್ತು. ಒಳಗೆ ನಾಲ್ಕು ಬೋಳು ಗೋಡೆ. ಹಿತ್ತಲಲ್ಲಿ ಬರೀ ಮಣ್ಣು, ಒಂದು ಬಾವಿ.

"ಮಾವ, ಅವತ್ತು ನೋಡಿದ್ದು ಇದೇ ಮನೆಯಾ?" ಗಾನವಿಯ ಮುಖ ಬಾಡಿತು.

ತಿಮ್ಮಣ್ಣ ತಬ್ಬಿಬ್ಬಾದ. "ಎಂತ ಮಾರಾಯ್ತಿ, ಮನೆ ಎಲ್ಲಿ ಹೋತು?"

"ನಿಮ್ಮನೆ ಇಲ್ಲೇ ಇದೆ, ತಿಮ್ಮಣ್ಣ. ಗ್ವಾಡೆ ನೋಡ್ಕಳಿ. ಒಂದು ತೂತಿದ್ರೆ ಹೇಳಿ."

ಅವನು ನಿಜವಾಗಿಯೂ ನೋಡಿದ. ಒಂದೂ ಇರಲಿಲ್ಲ. ಕಾವ್ಯಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು; ಆದರೆ ಹುಡುಗಿಯ ಮುಖ ನೋಡಿ ಕರುಳು ಚುರ್ರೆಂದಿತು. ಟೆಂಪೋದಿಂದ ಒಂದು ಡೇರೆ ಡಬ್ಬ ಇಳಿಸಿ ಅವಳ ಕೈಗಿಟ್ಟಳು. "ಇದು ನಾನು ನಿಂಗೆ ಕೊಡದು. ಇನ್ನೊಂದು ಹೇಳ್ತೀನಿ ಕೇಳು ಕೂಸೆ, ಮೊದ್ಲು ಮಾವನ ಹತ್ರ ಒಂದು ಮೊಳೆ ಹೊಡಿಯಕ್ಕೆ ಒಪ್ಪಿಗೆ ತಗ."

ಟೆಂಪೋ ನಿಂತದ್ದು ಹಬೀಬಾಳ ಅಂಗಡಿಯ ಹಿಂದೆ. ವಿಷಯ ತಿಳಿದ ದಿನವೇ ಅವಳು, "ನನ್ ಹಳೇ ಗೋದಾಮಿನ ಮನೆ ಸುಮ್ನೆ ಬಿದ್ದಿದೆ, ಬಾ" ಎಂದಿದ್ದಳು. ಗೋಡೆಯ ಗಾರೆ ಕಿತ್ತುಹೋಗಿತ್ತು, ಕೊಳೆತ ಕಿತ್ತಳೆಯ ವಾಸನೆ ಇನ್ನೂ ಹೋಗಿರಲಿಲ್ಲ. ಹಬೀಬಾ ಬೀಗದ ಕೈ ಕೊಟ್ಟಳು. ಜೊತೆಗೆ ಒಂದು ಸುತ್ತಿಗೆಯನ್ನೂ ಮುಷ್ಟಿ ತುಂಬ ಮೊಳೆಗಳನ್ನೂ ಕೊಟ್ಟಳು.

"ಇದೆಂತಕ್ಕೆ ಹಬೀಬಕ್ಕ?"

"ಮೊಳೆ ಹೊಡೀದೆ ಸಂಸಾರ ಮಾಡದು ಹೆಂಗೆ? ಎಲ್ಲಿ ಬೇಕಾದ್ರೂ ಹೊಡಿ."

ಮುರಿದದ್ದನ್ನೆಲ್ಲ ಜೋಡಿಸಿ ಚಂದ ಮಾಡುವ ಕಾವ್ಯ ಸುತ್ತಿಗೆಯನ್ನು ಒಮ್ಮೆ ತಿರುಗಿಸಿ ನೋಡಿದಳು. ಸಾಮಾನು ಇಳಿಸುವುದನ್ನು ಬಿಟ್ಟು ಮೊದಲು ಗಡಿಯಾರದ ಡಬ್ಬಿ ಹುಡುಕಿದಳು. ಗುರುವ ಅಂಗಡಿಯಿಂದ ಸೆಲ್ಲು ತಂದು ಹಾಕಿದ. ಮೊದಲ ಮೊಳೆ ಸೊಟ್ಟಗಾಗಿ ಬಿತ್ತು. ಎರಡನೆಯದು ಗಾರೆಯನ್ನೇ ಉದುರಿಸಿತು. ಕಾವ್ಯ ಗಾಬರಿಯಿಂದ ಬಾಗಿಲ ಕಡೆ ನೋಡಿದಳು. ಇಷ್ಟು ವರ್ಷದ ಅಭ್ಯಾಸ, ಬಿಟ್ಟೀತೆ?

"ಗ್ವಾಡೆ ಅಲ್ವನೆ, ತಡ್ಕಳ್ತದೆ. ಇನ್ನೊಂದು ಹೊಡಿ" ಎಂದಳು ಬಾಗಿಲಲ್ಲಿ ನಿಂತಿದ್ದ ಹಬೀಬಾ.

ಮೂರನೆಯದು ನಿಂತಿತು. ಗಡಿಯಾರ ಗೋಡೆಯ ಮೇಲೆ ನಡೆಯತೊಡಗಿತು. ಕಾವ್ಯ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಪಕ್ಕದ ಎರಡು ತೂತುಗಳನ್ನು ಗಾರೆ ಮೆತ್ತಿ ಮುಚ್ಚಲು ಗುರುವ ಹೊರಟಾಗ ಅವನ ಕೈ ಹಿಡಿದಳು.

"ಇರ್ಲಿ ಬಿಡಿ" ಎಂದಳು, "ಅವೂ ನಮ್ಮವೇ."